ಶರಣಪ್ಪನವರು ಹೆಚ್ಚಿದ ಅನಾನಸ್

ಅನಾನಸ್ ಹಣ್ಣನ್ನು ತಲೆಕೆಳಗು ಮಾಡಿ, ಅದರ ಬುಡಕ್ಕೆ ಮೂಗು ಹಚ್ಚಿ ಶರಣಪ್ಪನವರು ಕಣ್ಣು ಮುಚ್ಚಿದರೆಂದರೆ ಹಣ್ಣಿನ ಬಂಡಿಯವನು ಕೂಗುವುದನ್ನು ನಿಲ್ಲಿಸಿಬಿಡುತ್ತಿದ್ದ. ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹೊರಗೆ, ಗಾಡಿಯಿಂದ ಇಳಿದ ಜನ ಒಬ್ಬರನ್ನೊಬ್ಬರು ನೂಕುತ್ತ ಸಾಗುವ ಹೊತ್ತಿನಲ್ಲಿ, ಆ ಎತ್ತರದ ಮನುಷ್ಯ ಬಿಳಿ ಧೋತರದಲ್ಲಿ ಅಲ್ಲಾಡದೆ ನಿಂತಿರುತ್ತಿದ್ದರು. ನೋಡಿದವರಿಗೆ ಯಾವುದೋ ಕೆಟ್ಟ ಸುದ್ದಿಗೆ ಕಿವಿಗೊಟ್ಟು ನಿಂತಂತೆ ಕಾಣುತ್ತಿತ್ತು. ಆಮೇಲೆ ಕಣ್ಣು ತೆರೆದು, ಹಣ್ಣನ್ನು ಇದ್ದಲ್ಲೇ ಇಟ್ಟು, ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು.

ನಾವು ಅವರ ಮನೆಯ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡನಿಗೆ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಾನು ನಾರಾಯಣಗೂಡದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಶರಣಪ್ಪನವರು ಗುಲ್ಬರ್ಗಾ ಕಡೆಯವರು. ರೈಲ್ವೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾಗಿದ್ದರು. ಅವರಿಗೂ ಹೆಂಡತಿ ನೀಲಮ್ಮನಿಗೂ ಮಕ್ಕಳಿರಲಿಲ್ಲ. ಬೀದಿಯಲ್ಲಿ ತೆಲುಗು, ಬಂಡಿಯವನ ಹತ್ತಿರ ಉರ್ದು, ಹೊಸ್ತಿಲು ದಾಟಿದೊಡನೆ ಅಪ್ಪಟ ಗುಲ್ಬರ್ಗಾದ ಕನ್ನಡ. ನನ್ನನ್ನು ‘ತಂಗಿ’ ಎಂದು ಕರೆಯುತ್ತಿದ್ದರು.

ಹಣ್ಣು ಆರಿಸುವುದನ್ನು ಅವರು ನನಗೂ ಕಲಿಸಲು ನೋಡಿದರು. ಹೊರಗಿನ ಹಳದಿಯನ್ನು ಅವರು ನಂಬುತ್ತಿರಲಿಲ್ಲ. “ಬಣ್ಣ ಬಿಸಲಿಗೂ ಬರತೈತಿ ತಂಗಿ. ಬುಡಕ್ಕ ಮೂಗು ಹಚ್ಚು. ವಾಸನಿ ಬರಲಿಲ್ಲಂದ್ರ ಇನ್ನಾ ಕಾಯಿ. ಹುಳಿ ಹೆಂಡದಂಗ ಬಂತಂದ್ರ ಮುಗೀತು ಅದರ ಕತಿ. ಎರಡರ ನಡುವ ಭಾಳ ಸಣ್ಣ ಹೊತ್ತು ಇರತೈತಿ” ಎನ್ನುತ್ತಿದ್ದರು. ಕೈಯಲ್ಲಿ ಹಿಡಿದರೆ ಭಾರವಿರಬೇಕು, ಒತ್ತಿದರೆ ಒಂದಿಷ್ಟು ಮಾತ್ರ ತಗ್ಗಬೇಕು. ಬಂಡಿಯವನು ಹೆಚ್ಚಿಕೊಡುತ್ತೇನೆಂದರೆ ಒಪ್ಪುತ್ತಿರಲಿಲ್ಲ. ಆ ಚೂರಿಗೆ ಊರ ನೊಣವೆಲ್ಲ ಮುತ್ತಿರುತ್ತದೆಂದು ಹಣ್ಣನ್ನು ಇಡಿಯಾಗಿಯೇ ಮನೆಗೆ ತರುತ್ತಿದ್ದರು.

ಹೆಚ್ಚುವುದು ಭಾನುವಾರ, ಪಡಸಾಲೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು. ಜುಟ್ಟು ಹಿಡಿದು ತಿರುವಿ ಕಿತ್ತು, ತಲೆ ಬುಡ ಎರಡನ್ನೂ ಹಾರಿಸಿ, ಹಣ್ಣನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಸಿಪ್ಪೆ ಇಳಿಸುತ್ತಿದ್ದರು. ಸಿಪ್ಪೆ ಹೋದ ಮೇಲೆ ಉಳಿಯುವ ಕಂದು ಕಣ್ಣುಗಳನ್ನು ಒಂದೊಂದಾಗಿ ತೋಡುತ್ತಿರಲಿಲ್ಲ. ಅವು ಓರೆ ಸಾಲಿನಲ್ಲಿ ಕೂತಿರುತ್ತವೆ. ಆ ಸಾಲಿನ ಗುಂಟ ಚೂರಿ ವಾಲಿಸಿ ಕಾಲುವೆಯಂತೆ ಕೊರೆದುಬಿಟ್ಟರೆ ಹಣ್ಣು ತಿರುಪಿನ ಹಾಗೆ ಕಾಣುತ್ತಿತ್ತು. ಆಮೇಲೆ ಉಪ್ಪುನೀರಿನಲ್ಲಿ ಅದ್ದಿ ತೆಗೆದು, ಹೋಳು ಮಾಡಿ, ನಡುವಿನ ಗಟ್ಟಿ ದಿಂಡನ್ನು ತಮಗೆಂದು ಪಕ್ಕಕ್ಕಿಡುತ್ತಿದ್ದರು. ಮೊದಲ ಹೋಳು ನೀಲಮ್ಮನಿಗೆ. ಆಕೆ ಅದನ್ನು ಬಾಯಿಗಿಡುವವರೆಗೆ ಯಾರೂ ಮುಟ್ಟುವಂತಿರಲಿಲ್ಲ.

ಮೂರು ಬೇಸಿಗೆ ಹೀಗೆ ನಡೆಯಿತು. ನಾಲ್ಕನೆಯ ಬೇಸಿಗೆಯಲ್ಲಿ ಅವರು ಬಂಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು. ಒಂದೇ ಹಣ್ಣನ್ನು ಇಟ್ಟು, ಮತ್ತೆ ಎತ್ತಿ, ಮತ್ತೆ ಮೂಗಿಗೆ ಹಚ್ಚುತ್ತಿದ್ದರು. ಒಮ್ಮೆ ನಾನು ಪಕ್ಕದಲ್ಲೇ ಇದ್ದೆ. ಅವರ ಹಣೆಯ ಮೇಲೆ ಬೆವರಿತ್ತು. ಕೊನೆಗೆ, ಮೂಸುವುದನ್ನೇ ಬಿಟ್ಟು, ಎಲ್ಲಕ್ಕಿಂತ ಹಳದಿಯಾಗಿದ್ದ ಹಣ್ಣನ್ನು ಕೊಂಡುಬಿಟ್ಟರು. ನನಗೆ ಏನೋ ಸರಿಯಿಲ್ಲವೆನಿಸಿತು, ಏನೆಂದು ತಿಳಿಯಲಿಲ್ಲ.

ಆ ಭಾನುವಾರ ಚೂರಿ ಇಳಿದೊಡನೆ ಪಡಸಾಲೆಯ ತುಂಬ ಹುಳಿತ ವಾಸನೆ ಹಬ್ಬಿತು. ಬುಡದ ಕಡೆ ಹಣ್ಣು ಕಂದಿ ನೀರಾಗಿತ್ತು. ಶರಣಪ್ಪನವರು ಮೆತ್ತಗಾದ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಎಂದಿನಂತೆ ಓರೆಯಾಗಿ ಕೊರೆದು ತಟ್ಟೆಗೆ ಹಾಕಿದರು. ನೀಲಮ್ಮ ಹೋಳನ್ನು ಬಾಯಿಗಿಟ್ಟು, ಅಗಿದು, ನುಂಗಿದಳು. “ಚಲೋ ಐತಿ” ಅಂದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯಿತ್ತು, ಹೆದರಿಕೆಯೂ ಇತ್ತು. ನಾನೂ ಒಂದು ಹೋಳು ನುಂಗಿದೆ.

ಅಂದಿನಿಂದ ಕೆಳಗಿನ ಮನೆಯ ಕಡೆ ನನ್ನ ಗಮನ ಹೋಗತೊಡಗಿತು. ನೀಲಮ್ಮ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟರೆ ಅಡುಗೆಮನೆಯಿಂದ ಕದಲುತ್ತಿರಲಿಲ್ಲ. ಗಂಡ ಒಬ್ಬರೇ ಇರುವಾಗ ಹೊರಗೆ ಹೋಗುವುದನ್ನು ಬಿಟ್ಟಳು. ಶರಣಪ್ಪನವರು ಬೆಳಿಗ್ಗೆ ಹೊತ್ತು ಎರಡೂ ಅಂಗೈಯಿಂದ ಹಣೆ ಒತ್ತಿಕೊಂಡು ಕೂತಿರುತ್ತಿದ್ದರು. ಕೇಳಿದರೆ ಹೈದರಾಬಾದಿನ ಬಿಸಿಲನ್ನು ಬೈಯುತ್ತಿದ್ದರು.

ಮಳೆ ಶುರುವಾದ ಮೇಲೆ ಒಂದು ಸಂಜೆ ನಾನು ಕಾಲೇಜಿನಿಂದ ಬಂದು ಗೇಟು ತೆಗೆಯುವಾಗಲೇ ಗ್ಯಾಸಿನ ವಾಸನೆ ಬಡಿಯಿತು. ಜಡಿಮಳೆಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಬಾಗಿಲು ನೂಕಿ ಒಳಗೆ ಹೋದೆ. ಭಾನುವಾರವಲ್ಲದಿದ್ದರೂ ಪಡಸಾಲೆಯ ಪೇಪರಿನ ಮೇಲೆ ಅರ್ಧ ಸಿಪ್ಪೆ ತೆಗೆದ ಅನಾನಸ್ ಇತ್ತು. ಶರಣಪ್ಪನವರು ಕೈ ಒರೆಸಿಕೊಂಡು ದೇವರ ಗೂಡಿನ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಕಡ್ಡಿಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ.

“ಬಾ ತಂಗಿ. ನೀಲಮ್ಮ ಔಷಧ ಅಂಗಡಿಗೆ ಹೋಗ್ಯಾಳ. ಹಾಲು ಕಾಯಾಕ ಇಟ್ಟೀನಿ, ಆಕಿ ಬರೂದ್ರಾಗ ದೀಪ ಹಚ್ಚಿಬಿಡತೀನಿ” ಅಂದರು.

ಓಡಿಹೋಗಿ ಅವರ ಮುಂಗೈಯನ್ನು ಹಿಡಿದುಬಿಟ್ಟೆ. ಕಡ್ಡಿ ಕೆಳಗೆ ಬಿತ್ತು. ದೀಪದ ಸ್ವಿಚ್ಚನ್ನೂ ಮುಟ್ಟಬೇಡಿರೆಂದು ಹೇಳಿ, ಅವರನ್ನು ಅಂಗಳಕ್ಕೆ ಎಳೆದು ತಂದು, ಮೂಗಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದೆ. ಹಾಲು ಉಕ್ಕಿ ಉರಿ ಆರಿಹೋಗಿತ್ತು. ಒಲೆ ಸುಸ್ಸೆನ್ನುತ್ತಲೇ ಇತ್ತು. ಒಲೆಯ ಗುಂಡಿ ತಿರುವಿ, ಕಿಟಕಿಗಳನ್ನೆಲ್ಲ ತೆರೆದು ಹೊರಗೆ ಬಂದಾಗ ಅವರು ಮಳೆಯಲ್ಲೇ ನಿಂತಿದ್ದರು.

“ಭಾಳ ವಾಸನಿ ಐತೇನವಾ?” ಎಂದು ಕೇಳಿದರು.

ಹೌದೆಂದೆ. ಅವರು ಒದ್ದೆಯಾದ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ಆಮೇಲೆ, ಚಳಿಗಾಲದಿಂದಲೇ ತಮಗೆ ಯಾವ ವಾಸನೆಯೂ ತಿಳಿಯುತ್ತಿಲ್ಲವೆಂದು ಮೆಲ್ಲಗೆ ಹೇಳಿದರು. ಹೂವು, ಊದುಬತ್ತಿ, ಹೆಂಡತಿ ಹಾಕುವ ಒಗ್ಗರಣೆ, ಯಾವುದೂ. “ನೀಲಮ್ಮಗ ಹೇಳಬ್ಯಾಡ. ಆಕಿ ಅಂಜತಾಳ” ಎಂದು ಕೈ ಮುಗಿದರು. ಹಿರಿಯರು ನನಗೆ ಕೈ ಮುಗಿದದ್ದು ನೋಡಲಾಗಲಿಲ್ಲ.

ನೀಲಮ್ಮ ಬಂದಳು. ತೆರೆದ ಕಿಟಕಿಗಳನ್ನು ನೋಡಿದಳು, ಒಳಗೆ ಹೋಗಿ ಉಕ್ಕಿದ ಹಾಲನ್ನು ಒರೆಸಿದಳು. ಕತ್ತಲಾಗುವ ಮುಂಚೆ ಮೇಲೆ ಬಂದು ನನ್ನ ಬಾಗಿಲಲ್ಲಿ ಕೂತಳು. ಗಂಡನಿಗೆ ವಾಸನೆ ತಿಳಿಯುವುದಿಲ್ಲವೆಂದು ತನಗೆ ಗೊತ್ತಾಗಿ ಎಷ್ಟೋ ದಿನವಾಯಿತೆಂದಳು. ಅವರಿಗೆ ಹೇಳಬೇಡ, ಅವಮಾನವೆಂದುಕೊಳ್ಳುತ್ತಾರೆ ಎಂದಳು. ಅವರನ್ನು ಒಬ್ಬರನ್ನೇ ಬಿಟ್ಟು ಅವಳು ಔಷಧದ ಅಂಗಡಿಗೆ ಹೋದದ್ದೂ ಇಂಥದಕ್ಕೆ ಏನಾದರೂ ಮಾತ್ರೆ ಇದೆಯೇ ಎಂದು ಗುಟ್ಟಾಗಿ ವಿಚಾರಿಸಲಿಕ್ಕೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಹಾಸಿಗೆಯ ಕೆಳಗೇ ಅವರ ಅಡುಗೆಮನೆಯಿತ್ತು. ಬೆಳಗಾದ ಮೇಲೆ ಕೆಳಗಿಳಿದು, ಇಬ್ಬರೂ ಚಹಾಕ್ಕೆ ಕೂತಿದ್ದಾಗ, ಇಬ್ಬರಿಗೂ ಕೇಳುವಂತೆ ಎಲ್ಲವನ್ನೂ ಹೇಳಿಬಿಟ್ಟೆ.

ಶರಣಪ್ಪನವರು ಹೆಂಡತಿಯ ಕಡೆ ತಿರುಗಿದರು. “ಹಂಗಾದ್ರ ಅವತ್ತಿನ ಹಣ್ಣು?”

“ಕೆಟ್ಟಿತ್ತು.”

“ಉಗುಳಬಾರದಿತ್ತ?”

“ನೀವು ನನ್ನ ಮಾರಿ ನೋಡಾಕತ್ತಿದ್ರಿ” ಅಂದಳು ನೀಲಮ್ಮ.

ಅವರು ಚಹಾದ ಬಟ್ಟಲನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡರು.

ಡಾಕ್ಟರ ಹತ್ತಿರ ಹೋಗಲು ಆಮೇಲೆ ತಡ ಮಾಡಲಿಲ್ಲ. ಸ್ಕ್ಯಾನಿನಲ್ಲಿ ಹಣೆಯ ಹಿಂದೆ, ಮೂಗಿನ ಬೇರಿನ ಮೇಲೆ, ಒಂದು ಗಡ್ಡೆ ಕಂಡಿತು. ವರ್ಷಗಳಿಂದ ಸದ್ದಿಲ್ಲದೆ ಬೆಳೆದಿರಬೇಕೆಂದರು ಡಾಕ್ಟರು. ತೆಗೆಯಬೇಕು, ತೆಗೆದರೂ ಭರವಸೆ ಕೊಡಲಾರೆವು ಎಂದರು. ಆಪರೇಷನ್ನಿನ ದಿನ ಬೆಳಿಗ್ಗೆ ನಾನು ಹೋದಾಗ ತಲೆ ಬೋಳಿಸಿದ್ದರು, ಹಾಗಾಗಿ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಮಂಚದ ಅಂಚಿನಲ್ಲಿ ಕೂತ ನೀಲಮ್ಮನಿಗೆ, ಬ್ಯಾಂಕಿನ ಕೆಲಸದಿಂದ ಹಿಡಿದು ಹಿತ್ತಿಲಿನ ನಲ್ಲಿಯವರೆಗೆ ಏನೇನೋ ಹೇಳುತ್ತಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿ, “ತಂಗಿ, ಈಕಿ ನಿನ್ನಿಯಿಂದ ಉಂಡಿಲ್ಲ. ಕರಕೊಂಡು ಹೋಗು” ಅಂದರು. ಕ್ಯಾಂಟೀನಿನಲ್ಲಿ ನೀಲಮ್ಮ ಎರಡು ತುತ್ತು ಇಡ್ಲಿ ತಿಂದಳು. ಮರಳಿ ಬಂದಾಗ ಅವರನ್ನು ಆಪರೇಷನ್ನಿಗೆ ಒಯ್ದಾಗಿತ್ತು, ಮಂಚ ಖಾಲಿಯಿತ್ತು. ಹೊದಿಕೆ ಮಡಿಸಿಟ್ಟಿದ್ದರು.

ಅವರಿಗೆ ಮತ್ತೆ ಎಚ್ಚರ ಬರಲಿಲ್ಲ.

ನೀಲಮ್ಮ ಮೌನಿಯಾಗುತ್ತಾಳೆಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಆಕೆ ಎಲ್ಲವನ್ನೂ ಹೇಳತೊಡಗಿದಳು. ಮೊಣಕಾಲು ನೋಯುತ್ತದೆ, ಎಡಗಣ್ಣು ಮಂಜಾಗಿದೆ, ಇವತ್ತು ಅನ್ನ ಸೇರಲಿಲ್ಲ, ಇವತ್ತು ಅವರ ಮೇಲೆ ಸಿಟ್ಟು ಬಂತು. ಮೆಟ್ಟಿಲ ಬುಡದಲ್ಲಿ ನಿಂತು, ಬೀದಿಯ ಜನ ಕೇಳಿದರೂ ಲೆಕ್ಕಿಸದೆ ಹೇಳುತ್ತಿದ್ದಳು. ಒಂದು ಸಂಜೆ ನನ್ನ ಹೆಸರು ಕೂಗಿದಳು. ಏನೆಂದು ಕೇಳಿದೆ.

“ಏನೂ ಇಲ್ಲವಾ. ಅಂಜಿಕಿ ಆಗಾಕತ್ತೈತಿ” ಅಂದಳು.

ನಾನು ಒಲೆ ಆರಿಸಿ, ಕೆಳಗಿಳಿದು, ಅವಳ ಪಕ್ಕ ಕೂತೆ.