ಹನ್ನೊಂದು ಸಾಲು, ಒಂದು ಪಟ್ಟೆ ಟವೆಲು

ಬೆಳಗಿನ ಐದೂವರೆ. ನಂಜನಗೂಡಿನ ಬಾಡಿಗೆ ಮನೆಯಲ್ಲಿ, ಹಗ್ಗಕ್ಕೆ ನೇತುಹಾಕಿದ ಪಟ್ಟೆ ಟವೆಲನ್ನು ಸಂಘಮಿತ್ರಾ ಬೆರಳಿನಿಂದ ತಳ್ಳುತ್ತಾರೆ. ಎದುರಿನ ಪುಟ್ಟ ಕ್ಯಾಮೆರಾ ಅದನ್ನು ನೋಡುತ್ತದೆ, ಪಕ್ಕದ ಪರದೆ ತೋರಿಸುತ್ತದೆ. ಟವೆಲು ತೂಗಿದಂತೆ ಪರದೆಯ ಪಟ್ಟೆಗಳೂ ತೂಗುತ್ತವೆ. ಎಲ್ಲೂ ತುಂಡಾಗುವುದಿಲ್ಲ. ಮತ್ತೆ ತಳ್ಳುತ್ತಾರೆ. ದಿನಕ್ಕೆ ಮುನ್ನೂರು ಸಲ.

ಮೂವತ್ತೊಂದು ವರ್ಷದ ಇವರದು ಎಂಡೋಸ್ಕೋಪಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಯಂತ್ರದ ಒಳಗಿನ ಕೆಲಸ. ಕ್ಯಾಮೆರಾ ಚಿತ್ರ ಬರೆಯುವುದೂ ಪರದೆ ಅದನ್ನು ಓದುವುದೂ ಮೆಮೊರಿಯ ಒಂದೇ ಜಾಗದಲ್ಲಿ. ನಕಲು ಮಾಡಿ ದಾಟಿಸುವಷ್ಟು ಹೊತ್ತಿಲ್ಲ. ಒಂದು ಬರೆದು ಮುಗಿಸುವವರೆಗೆ ಇನ್ನೊಂದನ್ನು ತಡೆದು ನಿಲ್ಲಿಸುವುದು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಆ ತಡೆಯನ್ನು ಬರೆಯುವವರು ಸಂಘಮಿತ್ರಾ. ಅದು ರೆಪ್ಪೆ ಬಡಿಯುವಷ್ಟು ಮುಂಚೆ ತೆರೆದರೂ ವೈದ್ಯರು ನಿಲ್ಲಿಸಿ ನೋಡುವ ಚಿತ್ರದಲ್ಲಿ ಮೇಲಿನ ಭಾಗ ಈಗಿನದು, ಕೆಳಗಿನದು ಹಿಂದಿನ ಕ್ಷಣದ್ದು.

ಆದದ್ದೂ ಅದೇ. ನಲವತ್ತಮೂರು ದಿನ ಹುಡುಕಿದರೂ ತಪ್ಪು ಎಲ್ಲಿದೆಯೆಂದು ಸಿಗಲಿಲ್ಲ. ಕ್ಯಾಮೆರಾದ ಮುಂದೆ ಕೈ ಬೀಸಿ ಬೀಸಿ ಸಾಕಾದಾಗ, ಬದನವಾಳಿನ ಖಾದಿ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಮಗ್ಗದ ಮುಂದೆ ಕೂತಿದ್ದ ತಾಯಿ ಸಾಕಮ್ಮ ತಾವೇ ನೇಯ್ದ ಟವೆಲು ಕೊಟ್ಟರು. ಪರದೆ ನೋಡಿ ಅವರೇ ಅಂದರು: "ನೋಡವ್ವ, ಯಾವಾಗ್ಲೂವೆ ಕಡೇ ಎಲ್ಡು ಬೆರಳಗಲ ಪಟ್ಟೆ ತಪ್ತಾ ಅದೆ. ಅಂಚು ಮುಗ್ಯಾಕ್ ಮುಂಚೇನೇ ಮಗ್ಗದಿಂದ ಇಳಿಸ್ದಂಗೆ."

ನಿಜ. ಮುಗಿಯಿತೆಂದು ಕ್ಯಾಮೆರಾ ಸನ್ನೆ ಕೊಡುವಾಗ ಚಿತ್ರದ ಕೊನೆಯ ಗೆರೆಗಳು ಇನ್ನೂ ದಾರಿಯಲ್ಲಿದ್ದವು. ಅವು ಮೆಮೊರಿಗೆ ಬಂದು ಸೇರಿದ್ದು ಖಾತ್ರಿಯಾದ ಮೇಲೆಯೇ ತಡೆ ತೆರೆಯುವಂತೆ ಸಂಘಮಿತ್ರಾ ಹನ್ನೊಂದು ಸಾಲು ಕೋಡ್ ಬರೆದರು.

ಈ ಕಸುಬಿನಲ್ಲೊಂದು ರೂಢಿ. ಲೋಕವೆಲ್ಲ ಬಳಸುವ ಕರ್ನೆಲ್‌ಗೆ ತಿದ್ದುಪಡಿ ಬರೆದವರು ಅದರಡಿ ತಮ್ಮ ಹೆಸರು ಹಾಕುತ್ತಾರೆ. ಆ ಹೆಸರು ಅಳಿಯುವುದಿಲ್ಲ. ಈ ಹನ್ನೊಂದು ಸಾಲು ಹೋದದ್ದು ಮೈಸೂರಿನ ಕಂಪನಿಯ ಮ್ಯಾನೇಜರ್ ಮಹಾದೇವಸ್ವಾಮಿಯವರ ಹೆಸರಿನಲ್ಲಿ.

"ಸಾರ್, ನನ್ನ ಹೆಸ್ರು?" ಎಂದು ಕೇಳಿದ್ದಕ್ಕೆ ಬಂದ ಉತ್ತರ: "ನೀವು ಕಾಂಟ್ರ್ಯಾಕ್ಟ್ ಕಣ್ರೀ. ಸಂಬಳ ಬರ್ತಿದೆಯಲ್ವಾ?"

ಶಾಲೆಗೆ ಸೇರಿಸುವ ದಿನ, ಹೆಸರು ಉದ್ದವಾಯಿತು, ಮಿತ್ರಾ ಸಾಕು ಅಂದ ಮೇಷ್ಟ್ರ ಮುಂದೆ "ಪೂರ್ತಿ ಬರೀರಿ ಸಾ" ಎಂದು ಪಟ್ಟು ಹಿಡಿದು ನಿಂತವರು ತಂದೆ ಗೋವಿಂದಯ್ಯ. ಈಗ ಅವರಿಲ್ಲ. "ಅಪ್ಪ ಇದ್ದಿದ್ರೆ ಅವ್ರಿಗೆ ನಾನು ಏನಂತ ಹೇಳ್ಬೇಕಿತ್ತೋ," ಎನ್ನುತ್ತಾರೆ ಮಗಳು.

ಕಳೆದ ವಾರ, ತಿದ್ದುಪಡಿ ಒಪ್ಪಬೇಕಾದ ಪರಿಶೀಲಕರು ಕೇಳಿದ್ದಾರೆ: ಇಲ್ಲೇಕೆ ಕಾಯಬೇಕು? ಮಹಾದೇವಸ್ವಾಮಿಯವರಿಗೆ ಗೊತ್ತಿಲ್ಲ. ನಂಜನಗೂಡಿಗೆ ಫೋನು ಬಂತು. ಉತ್ತರ ಬರೆದುಕೊಡಿ, ಜೊತೆಗೆ ಇಲ್ಲೂ ಪರೀಕ್ಷೆ ಮಾಡಿ ತೋರಿಸಲು ಆ ಟವೆಲನ್ನೂ ಕೊರಿಯರ್ ಮಾಡಿ. ಸಾಕಮ್ಮ ಅಡುಗೆಮನೆಯಿಂದಲೇ ಕೂಗಿದರು: "ಒಗ್ಯಾಕ್ ಆಕಿವ್ನಿ ಅನ್ನು! ಎಸ್ರೂ ಅವ್ನಿಗೇ, ಟವಲ್ಲೂ ಅವ್ನಿಗೇಯಾ?"

ಟವೆಲು ಹೋಗಲಿಲ್ಲ. ಉತ್ತರ ಹೋಯಿತು, ಮತ್ತೆ ಮಹಾದೇವಸ್ವಾಮಿಯವರ ಹೆಸರಿನಲ್ಲೇ. ಬರೆದುಕೊಡದಿದ್ದರೆ ತಿದ್ದುಪಡಿ ಬಿದ್ದುಹೋಗುತ್ತಿತ್ತು. ಎಲ್ಲೋ ಯಾರೋ ವೈದ್ಯರು ಅಂಚಿನಲ್ಲಿ ಹಳೆಯದೇ ಉಳಿದ ಚಿತ್ರ ನೋಡಿ ಹೊಟ್ಟೆಯಲ್ಲಿ ಹುಣ್ಣಿಲ್ಲ ಅನ್ನುತ್ತಿದ್ದರು.

ಬೆಳಕು ಹರಿದಿದೆ. ಟವೆಲು ತೂಗುತ್ತಿದೆ. ಅಂಚಿನವರೆಗೂ ಪಟ್ಟೆಗಳು ನೆಟ್ಟಗಿವೆ.

"ಒಂದೇ ಒಂದ್ಸಲ ನನ್ನ ಹೆಸ್ರು ಪೂರ್ತಿ ಬರ್ಲಿ ಅಂತ ಆಸೆ," ಎನ್ನುತ್ತಾರೆ ಸಂಘಮಿತ್ರಾ. "ಆಗಲ್ಲ ಅಂದ್ರೆ ಬಿಡಿ. ಆ ಹನ್ನೊಂದು ಸಾಲು ಯಾಕಿವೆ ಅಂತ ಯಾರು ಕೇಳಿದ್ರೂ ಫೋನು ಈ ಮನೆಗೇ ಬರ್ಬೇಕು ಕಣ್ರೀ."