ಕೈಯಿಂದ ಹಚ್ಚಿದ ಚುಕ್ಕೆ

ಹೈದರಾಬಾದಿನ ತಾರ್ನಾಕದ ಒಂದು ಒಳಗಲ್ಲಿಯಲ್ಲಿ ಕೆಳಗೆ ಎರಡು, ಮೇಲೆ ಒಂದು ಕೋಣೆಯ ಮನೆ. ಕೆಳಗೆ ಕಮಲಾಕ್ಷಿ ಒಬ್ಬಳೇ. ಮೇಲೆ ಬಾಡಿಗೆಗೆ ಇದ್ದವಳು ಹರ್ಷಿತಾ, ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕಂಪನಿಯ ಕೆಲಸ. ಬೆಳಿಗ್ಗೆ ಕಂಪನಿಯ ಕ್ಯಾಬು ಬಂದು ಹಾರನ್ ಹಾಕಿತೆಂದರೆ ಆ ಹುಡುಗಿ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡುತ್ತಿದ್ದಳು. ಆಮೇಲೆ ಸಂಜೆಯವರೆಗೆ ಮನೆಯಲ್ಲಿ ಸಪ್ಪಳವೆಂದರೆ ಕಮಲಾಕ್ಷಿಯ ಬಳೆಯಿಲ್ಲದ ಕೈಯಲ್ಲಿನ ಪಾತ್ರೆಯದಷ್ಟೇ.

ಕಮಲಾಕ್ಷಿ ರಾಯಚೂರು ಕಡೆಯವಳು. ಗಂಡ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾಗಿ ಬಂದವಳು ಹೈದರಾಬಾದಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡಳು. ಮಕ್ಕಳಾಗಲಿಲ್ಲ. ಗಂಡ ನಿವೃತ್ತನಾಗಿ ಈ ಮನೆ ಕಟ್ಟಿಸಿದ, ಗೋಡೆಯ ಸುಣ್ಣದ ವಾಸನೆ ಹೋಗುವ ಮೊದಲೇ ತಾನು ಹೋದ.

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ಎದುರು ಬಾಗಿಲು ಸುಮತಿಯದು. ಅವಳು ಧಾರವಾಡದವಳು. ಹೊರಗೆ ಕಾಲಿಟ್ಟರೆ ತೆಲುಗು, ಅಂಗಡಿಗೆ ಹೋದರೆ ಹಿಂದಿ; ಬಾಯಿತುಂಬ ಕನ್ನಡವಾಡಲು ಇಬ್ಬರಿಗೂ ಇನ್ನೊಬ್ಬಳೇ ಗತಿ. ಆದರೂ ಅವರು ಹೆಚ್ಚು ಆಡಿದವರಲ್ಲ. ಮೂರು ಗಂಟೆಯ ಹೊತ್ತಿಗೆ ಇಬ್ಬರೂ ಮಡಿಯುಟ್ಟು, ಸುಮತಿಯ ದೇವರ ಕೋಣೆಯ ಮುಂದೆ ಮಣೆ ಹಾಕಿಕೊಂಡು, ಬೆರಳಿಗೆ ಹಾಲಿನ ಪಸೆ ಮಾಡಿಕೊಂಡು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ಲಕ್ಷಬತ್ತಿಯ ಹರಕೆ. ಇಬ್ಬರೂ ಕೂಡಿ ಹೊತ್ತದ್ದು. ಗಂಡಂದಿರು ಇದ್ದಾಗ ಶುರುವಾದದ್ದು, ಕ್ವಾರ್ಟರ್ಸು ಬಿಟ್ಟು, ಇಬ್ಬರ ಗಂಡಂದಿರೂ ಹೋದಮೇಲೂ ಮುಗಿದಿರಲಿಲ್ಲ. ಅಷ್ಟರಲ್ಲಿ ಸುಮತಿಯನ್ನು ಮಗಳು ಲಹರಿ ಪುಣೆಗೆ ಕರೆದುಕೊಂಡು ಹೋದಳು. ಹೊಸೆದ ಬತ್ತಿಯನ್ನು ಇಬ್ಬರೂ ಎರಡು ಡಬ್ಬಿಗೆ ಪಾಲು ಮಾಡಿಕೊಂಡರು.

"ಇಲ್ಲಿ ನೀ ಹೊಸಿ, ಅಲ್ಲಿ ನಾ ಹೊಸೀತೀನಿ," ಅಂದಿದ್ದಳು ಸುಮತಿ. "ಮುಗಿದ ದಿನ ಕೂಡಿ ಹಚ್ಚೋಣ."

ಹರ್ಷಿತಾ ತನಗೊಂದು ಮಡಚುವ ಕಂಪ್ಯೂಟರು ಬಂದಮೇಲೆ, ಹಳೆಯ ದೊಡ್ಡ ಪೆಟ್ಟಿಗೆಯಂಥದನ್ನು ಕೆಳಗಿನ ಪಡಸಾಲೆಯಲ್ಲಿ ತಂದಿಟ್ಟಳು. ಮೇಲೆ ಜಾಗವಿರಲಿಲ್ಲ.

"ಆಂಟಿ, ಪುಣೆಯ ನಿಮ್ಮ ಫ್ರೆಂಡ್ ಮನೇಲೂ ಕಂಪ್ಯೂಟರ್ ಇದೆ ಅಂದ್ರಲ್ಲ. ಇದರಲ್ಲಿ ಮಾತಾಡಬಹುದು."

"ನನಗ ಟೈಪ್ ಮಾಡಲಿಕ್ಕೆ ಎಲ್ಲಿ ಬರ್ತದ ತಂಗಿ. ಮೂರನೇತ್ತಿಗೆ ಶಾಲಿ ಬಿಡಿಸ್ಯಾರ."

"ಟೈಪ್ ಬೇಡ. ಸುಮ್ನೆ ನೋಡಿ."

ತೆರೆಯ ಮೇಲೆ ಒಂದು ಪುಟ್ಟ ಕಿಟಕಿ. ಅದರಲ್ಲಿ ಹರ್ಷಿತಾ ಕನ್ನಡದಲ್ಲೇ ಮೂಡಿಸಿಕೊಟ್ಟ ಒಂದೇ ಹೆಸರು, ಸುಮತಿ. ಕಮಲಾಕ್ಷಿ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಹೆಸರಿನ ಪಕ್ಕ ಒಂದು ಚುಕ್ಕೆ. ಸುಮತಿ ಅಲ್ಲಿ ಬಂದು ಕೂತರೆ ಹಸಿರು, ಮುಚ್ಚಿದರೆ ಬೂದಿಯ ಬಣ್ಣ. ಇಷ್ಟು ತಿಳಿದದ್ದೇ ಸಾಕಾಯಿತು. ಫೋನಿನಲ್ಲಿ ಇಬ್ಬರೂ ಮಾತಾಡಿಕೊಂಡು ಹೊತ್ತು ಗೊತ್ತು ಮಾಡಿದರು. ಮೂರಕ್ಕೆ ಮೊದಲು ಪೆಟ್ಟಿಗೆ ತೆರೆದು ಚುಕ್ಕೆ ಹಸಿರು ಮಾಡುವುದು. ಆಮೇಲೆ ಸ್ನಾನ ಮಾಡಿ ಮಡಿಯುಟ್ಟು ಮಣೆಯ ಮೇಲೆ ಕೂಡುವುದು. ಪಡಸಾಲೆಯಿಂದ ದೇವರ ಕೋಣೆಯ ಬಾಗಿಲಿಗೆ ತೆರೆ ಕಾಣುವ ಹಾಗೆ ಹರ್ಷಿತಾಳಿಂದ ಮೇಜು ತಿರುಗಿಸಿಕೊಂಡದ್ದೂ ಆಯಿತು.

ಒಂದು ಅಕ್ಷರ ಬರೆಯಲಿಲ್ಲ, ಒಂದು ಮಾತು ಆಡಲಿಲ್ಲ. ಹಸಿರು ಚುಕ್ಕೆ ಅಲ್ಲಿ, ಇಲ್ಲಿ ಇವಳು. ಹತ್ತಿ ಬಿಡಿಸುತ್ತ ನಡುವೆ ಒಮ್ಮೆ ಕತ್ತೆತ್ತಿ ನೋಡಿದರೆ, ಎದುರು ಮಣೆಯ ಮೇಲೆ ಸುಮತಿಯ ಮೊಣಕಾಲು ಕಂಡಷ್ಟೇ ಸಮಾಧಾನ.

ಬೇಸಿಗೆ ಮುಗಿಯುವ ಹೊತ್ತಿಗೆ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಏನೋ ಹೊಸದನ್ನು ಇಳಿಸಿಕೊಂಡಿತು. ಕಿಟಕಿಯ ಅಂಚು ದುಂಡಗಾಯಿತು. ಕಮಲಾಕ್ಷಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಆವತ್ತಿನಿಂದ ಸುಮತಿಯ ಚುಕ್ಕೆ ಸ್ವಲ್ಪ ಹೊತ್ತು ಹಸಿರಿದ್ದು, ಹಳದಿಯಾಗತೊಡಗಿತು. ಹಳದಿ ಎಂದರೆ ಎದ್ದುಹೋದವರ ಗುರುತು ಎಂದು ಹರ್ಷಿತಾ ಮೊದಲೇ ಹೇಳಿದ್ದಳು. ಕಮಲಾಕ್ಷಿ ಒಂದು ಬತ್ತಿಯ ಎಳೆ ತೆಗೆಯುವಷ್ಟರಲ್ಲಿ ಸುಮತಿ ಎದ್ದುಹೋಗಿರುತ್ತಿದ್ದಳು. ದಿನವೂ ಹಾಗೇ.

ಮಗಳ ಮನೆಯಲ್ಲಿ ಟೀವಿ ಇರುತ್ತದೆ, ಮೊಮ್ಮಕ್ಕಳು ಇರುತ್ತಾರೆ, ಇಲ್ಲಿನ ಮುದುಕಿಯ ಜೊತೆ ಸುಮ್ಮನೆ ಕೂಡುವುದಕ್ಕೆ ಬೇಸರ ಬಂದಿರಬೇಕು ಎಂದುಕೊಂಡಳು. ಫೋನು ಮಾಡಿ ಕೇಳುವುದಾದರೂ ಏನನ್ನು? ಯಾಕೆ ಎದ್ದುಹೋಗುತ್ತೀ ಎಂದೇ? ಕೂಡು ಎಂದು ಬೇಡಿಕೊಳ್ಳುವುದೇ? ಆಮೇಲೆ ಆಮೇಲೆ ಅವಳು ಮಣೆಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡಳು. ಬತ್ತಿ ಗಟ್ಟಿ ನಿಲ್ಲುತ್ತಿರಲಿಲ್ಲ. ಎಳೆ ಜಾಳಾಗುತ್ತಿತ್ತು, ಬಿಚ್ಚಿ ಮತ್ತೆ ಹೊಸೆಯಬೇಕಾಗುತ್ತಿತ್ತು.

ಶ್ರಾವಣ ಬಂದಾಗ ಸುಮತಿಯೇ ಫೋನು ಮಾಡಿದಳು.

"ಆರಾಮಿದ್ದೀ ಕಮಲಾ?"

"ಇದ್ದೀನಿ. ನೀ?"

"ನನಗೇನಾಗೇದ." ಆಮೇಲೆ ತಾನೇ ಅಂದಳು, "ನಿನಗ ಈಗ ಕೆಲಸ ಭಾಳ ಆಗ್ಯಾವ ಅಂತ ಕಾಣಸ್ತದ."

"ಒಬ್ಬಾಕಿ ಮನ್ಯಾಗ ಎಲ್ಲೀ ಕೆಲಸ. ಕೆಲಸ ನಿನಗ. ಕೂತಿರ್ತೀಯೋ ಇಲ್ಲೋ, ಎದ್ದು ಹೋಗಿಬಿಡ್ತೀ."

"ಯಾರು, ನಾನು?"

"ಮತ್ಯಾರು, ನಮ್ಮತ್ತಿ ಬಂದು ಕೂತಿದ್ಲೇನು ಅಲ್ಲಿ?"

"ಕಮಲಾ, ನಾ ದೇವರ ಮುಂದ ಕೂತು ಹೇಳ್ಲಿಕ್ಕತ್ತೀನಿ. ಕಾಲು ಜೋಮು ಹಿಡಿಯೂತನಕ ಎದ್ದಿಲ್ಲ. ನಿಂದೇ ಚುಕ್ಕಿ ಹಳದಿ ಆಗ್ತದ. ಈಕಿಗೆ ನಾ ಬ್ಯಾಡಾದೆ, ಇರ್ಲಿ, ನನ್ನ ಪಾಲಿನ ಬತ್ತಿ ನಾ ಮುಗಿಸ್ತೀನಿ ಅಂತ ಕೂಡ್ತಿದ್ದೆ."

ಆಮೇಲೆ ಪುಣೆಯ ಕಡೆಯಿಂದ ಮೂಗು ಒರೆಸಿಕೊಂಡ ಸಪ್ಪಳ ಕೇಳಿತು.

"ನಾವಿಬ್ಬರೂ ಕೂತೀವಿ," ಅಂದಳು ಸುಮತಿ. "ಎದ್ದು ಹೋಗೋದು ಯಾರು ಹಂಗಾದ್ರ?"

ಆ ಭಾನುವಾರ ಹರ್ಷಿತಾ ತಲೆಗೆ ಎಣ್ಣೆ ಹಚ್ಚಿಕೊಂಡು ಕೆಳಗೆ ಬಂದಾಗ ಕಮಲಾಕ್ಷಿ ಎಲ್ಲ ಹೇಳಿದಳು. ಹುಡುಗಿ ಕೇಳುತ್ತ ಕೇಳುತ್ತ ಹಣೆಗೆ ಕೈ ಹಚ್ಚಿದಳು.

"ಆಂಟಿ, ಮೌಸು ಕೀಬೋರ್ಡು ಯಾವುದೂ ಅಲ್ಲಾಡ್ಲಿಲ್ಲ ಅಂದ್ರೆ, ನೀವು ಅಲ್ಲಿಲ್ಲ ಅಂತ ಅದೇ ಅಂದಾಜು ಮಾಡಿಕೊಳ್ಳತ್ತೆ. ಹೊಸದರಲ್ಲಿ ಹಾಗೆ ಇಟ್ಟಿದಾರೆ."

"ಮಡಿಯಾಗ ಕೂತವರು ಮೌಸು ಮುಟ್ತಾರೇನು?"

"ಮಾಡಿದವರಿಗೆ ಮಡಿ ಗೊತ್ತಿರಲ್ವಲ್ಲ." ಹರ್ಷಿತಾ ನಕ್ಕಳು. "ನಮ್ಮ ಆಫೀಸಲ್ಲೂ ದಿನಾ ಇದೇ ಜಗಳ. ಎಲ್ಲದಕ್ಕೂ ಕೇಳ್ತಾ ಕೂತ್ರೆ ಜನ ಬೈತಾರೆ, ತಲೆ ತಿನ್ನತ್ತೆ ಅಂತ. ಕೇಳದೆ ಮಾಡಿದ್ರೂ ಬೈತಾರೆ. ಎಷ್ಟು ಅದಕ್ಕೆ ಬಿಡಬೇಕು, ಎಷ್ಟು ನಿಮ್ಮ ಕೈಯಲ್ಲಿ ಇಡಬೇಕು ಅನ್ನೋದೇ ಕಷ್ಟ."

"ಪಂಕ್ತ್ಯಾಗ ಬಡಿಸೋದು ಹಂಗೇ ಅಲ್ಲೇನು," ಅಂದಳು ಕಮಲಾಕ್ಷಿ. "ಉಪ್ಪು ಬಡಿಸೋ ಮುಂದ ಯಾರೂ ಕೇಳೂದಿಲ್ಲ. ಎರಡನೇ ಸಲ ಅನ್ನ ಹಾಕೋ ಮುಂದ ಕೇಳ್ತಾರ. ನಮ್ಮತ್ತಿ ಮಾತ್ರ ಕೇಳ್ತಿದ್ದಿಲ್ಲ. ನಿನಗ ಸಾಕಾಗೇದ ಅಂತ ತಾನೇ ಅಂದು ಪಾತ್ರಿ ಮುಚ್ಚಿಬಿಡ್ತಿದ್ಲು."

"ಹಾಗಾದ್ರೆ ಇದು ನಿಮ್ಮತ್ತೆ ಆಂಟಿ."

ಒಳಗೆ ಒಳಗೆ ಹೋಗಿ, ಮೂರನೆಯ ಪುಟದ ತಳದಲ್ಲಿದ್ದ ಒಂದು ಟಿಕ್ಕನ್ನು ಹರ್ಷಿತಾ ತೆಗೆದಳು. ಪುಣೆಯಲ್ಲಿ ಲಹರಿಗೂ ಫೋನಿನಲ್ಲಿ ಹೇಳಿ ತೆಗೆಸಿದಳು. ಇನ್ನು ಹಳದಿಯಾಗದು ಅಂದಳು.

ಆಗಲಿಲ್ಲ ನಿಜ. ಆದರೆ ಸುಮತಿಯ ಚುಕ್ಕೆ ಮರುದಿನ ಬೆಳಗಿನ ಕಾಫಿಯ ಹೊತ್ತಿಗೂ ಹಸಿರು, ಅವಳು ಗುಡಿಗೆ ಹೋಗುವ ಸಂಜೆಗೂ ಹಸಿರು. ಕೂತಾಗಲೂ ಹಸಿರು, ಎದ್ದಾಗಲೂ ಹಸಿರು ಎಂದಮೇಲೆ ಅದರಿಂದ ಏನು ತಿಳಿಯಬೇಕು? ಗಂಡನ ಫೋಟೋದ ಮೇಲೆ ಹಗಲು ರಾತ್ರಿ ಉರಿಯುವ ಸಣ್ಣ ಕೆಂಪು ಬಲ್ಬಿನಂತೆ ಆಯಿತು.

"ಇದೂ ಬ್ಯಾಡ ತಂಗಿ," ಅಂದಳು ಹರ್ಷಿತಾಳಿಗೆ. "ನಾನೇ ಹಚ್ತೀನಿ, ನಾನೇ ಶಾಂತ ಮಾಡ್ತೀನಿ. ಹಂಗ ಮಾಡಿಕೊಡು."

ಇಲ್ಲೂ ಪುಣೆಯಲ್ಲೂ ಹಾಗೆಯೇ ಆಯಿತು. ಕೂಡುವ ಮೊದಲು ಕೈಯಿಂದ ಹಸಿರು, ಬತ್ತಿ ಡಬ್ಬಿಗೆ ಹಾಕಿ ಮಡಿ ಬಿಚ್ಚಿದಮೇಲೆ ಕೈಯಿಂದ ಬೂದು. ಅದಕ್ಕೆ ಎಲ್ಲಿ ಒತ್ತಬೇಕೆಂಬುದನ್ನು ಕಮಲಾಕ್ಷಿ ಹತ್ತಾರು ಸಲ ಮಾಡಿ ಮಾಡಿ ಕಲಿತಳು. ಮಣೆ ಮತ್ತೆ ತೆರೆಯ ಕಡೆ ತಿರುಗಿತು.

ಮುಂದಿನ ವರ್ಷ ಹರ್ಷಿತಾಳ ಕಂಪನಿ ಊರಿನ ಇನ್ನೊಂದು ತುದಿಯ ಮಾಧಾಪುರಕ್ಕೆ ಹೋಯಿತು. ಅವಳೂ ಆ ಕಡೆಯೇ ಮನೆ ಮಾಡಿದಳು. ಪೆಟ್ಟಿಗೆ ಇಲ್ಲೇ ಇರಲಿ ಆಂಟಿ ಎಂದು, ಕಾಲಿಗೆ ಬಿದ್ದು, ಆಟೋ ಹತ್ತಿದಳು. ಮೇಲಿನ ಕೋಣೆಗೆ ಕಮಲಾಕ್ಷಿ ಬೀಗ ಹಾಕಿದಳು, ಮತ್ತೆ ಬಾಡಿಗೆಗೆ ಕೊಡಲು ಯಾಕೋ ಮನಸ್ಸಾಗಲಿಲ್ಲ. ಇನ್ನು ಇಡೀ ದಿನಕ್ಕೆ ಅವಳಿಗೆ ಇದ್ದದ್ದು ಮೂರು ಗಂಟೆಯೊಂದೇ.

ದೀಪಾವಳಿ ಕಳೆದಮೇಲೆ ಸುಮತಿಯ ಚುಕ್ಕೆಯಲ್ಲಿ ಏನೋ ಹೆಚ್ಚುಕಡಿಮೆ ಕಂಡಿತು. ಮೂರಕ್ಕೆ ಹಸಿರಿರುತ್ತಿತ್ತು. ಆದರೆ ಒಂದು ದಿನ ಬೆಳಿಗ್ಗೆ ಮೇಜು ಒರೆಸುವಾಗ ಪೆಟ್ಟಿಗೆ ತೆರೆದರೆ ಆಗಲೂ ಹಸಿರು. ಏಕಾದಶಿಯ ದಿನವೂ ಹಸಿರು. ಏಕಾದಶಿಗೆ ಸುಮತಿ ಬತ್ತಿ ಮುಟ್ಟುವವಳಲ್ಲ. ಕಮಲಾಕ್ಷಿ ಮಣೆಯ ಮೇಲೆ ಕೂತು ಆ ಹಸಿರನ್ನು ನೋಡಿದಳು. ಎದುರಿನ ಮಣೆ ಖಾಲಿ ಎಂದು ಅವಳಿಗೆ ಅನ್ನಿಸಿತು. ಮಡಿ ಬಿಚ್ಚಿ ಪುಣೆಗೆ ಫೋನು ಮಾಡಿದಳು. ಲಹರಿ ಎತ್ತಿಕೊಂಡಳು.

"ಲಹರಿ, ಆ ಚುಕ್ಕಿ ಯಾರು ಹಚ್ಲಿಕ್ಕತ್ತೀರವಾ?"

ಆ ಕಡೆ ಲಹರಿ ಬಾಗಿಲು ಮುಚ್ಚಿಕೊಂಡ ಸಪ್ಪಳ ಕೇಳಿತು.

"ಅಕಿ ಹಚ್ಚಿದ್ದಲ್ಲ ಅದು. ನನಗ ಗೊತ್ತಾಗ್ತದ."

"ಮೌಶಿ, ಕಂಪ್ಯೂಟರ್ ಚಾಲೂ ಆದಕೂಡಲೆ ತಾನೇ ಹಸಿರಾಗೋ ಹಂಗ ನಾನೇ ಇಟ್ಟೀನಿ." ಲಹರಿಯ ದನಿ ಸಣ್ಣದಾಯಿತು. "ಅವ್ವಗ ಮರವು ಶುರುವಾಗೇದ. ಮೊದಲ ಒಲಿ ಮರೆತಳು. ಈಗ ನನ್ನ ಹೆಸರೂ ಒಂದೊಂದು ಸಲ ಮರೀತಾಳ. ಮೂರಕ್ಕ ಕೂಡ್ಬೇಕು ಅನ್ನೋದು ಅಕಿಗೆ ನೆನಪಿಲ್ಲ. ನೀವು ಅಲ್ಲಿ ಒಬ್ಬರೇ ಇರ್ತೀರಿ. ಬೂದು ನೋಡಿ ಕೆಡಕ ಅನಸಬಾರದು ಅಂತ."

ಕಮಲಾಕ್ಷಿ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಊಟ ಮಾಡ್ತಾಳೇನು?"

"ಬಾಯಾಗ ಇಟ್ರ ಮಾಡ್ತಾಳ."

"ನೀ ನನ್ನ ಸಲುವಾಗಿ ಮಾಡಿದಿ, ನನಗ ತಿಳೀತದ. ಆದ್ರ ಅದನ್ನ ತಗಿ ತಾಯಿ. ಅಕಿ ಕೂತ್ರ ಹಚ್ಚು. ಕೂಡದಿದ್ರ ಕತ್ತಲೇ ಇರ್ಲಿ. ನಾ ಕತ್ತಲ ನೋಡ್ಕೋತೀನಿ, ಸುಳ್ಳು ಬೆಳಕು ನನ್ನಿಂದ ಆಗೂದಿಲ್ಲ."

"ಅಕಿ ಇನ್ನು ಕೂಡ್ಲಿಕ್ಕೇ ಇಲ್ಲ ಮೌಶಿ."

"ಇರ್ಲಿ."

ಮರುದಿನ ಚುಕ್ಕೆ ಬೂದು. ಅದರ ಮರುದಿನವೂ ಬೂದು. ಕಮಲಾಕ್ಷಿ ಮಾತ್ರ ಮೂರಕ್ಕೆ ಮೊದಲು ತನ್ನ ಚುಕ್ಕೆಯನ್ನು ಹಚ್ಚಿ, ಸ್ನಾನ ಮಾಡಿ, ಮಡಿಯುಟ್ಟು ಕೂಡುತ್ತಿದ್ದಳು. ತನ್ನ ಪಾಲು ಹೊಸೆದಾದಮೇಲೆ ಸುಮತಿಯ ಪಾಲಿನದಕ್ಕೂ ಕೈ ಹಾಕಿದಳು. ಅದನ್ನು ಬೇರೆ ಡಬ್ಬಿಗೆ ಹಾಕಿದಳು. ಗಲ್ಲಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು, ಆಮೇಲೆ ಅದೂ ಇಲ್ಲ. ಹತ್ತಿಯ ಎಳೆ ಮುರಿಯುವ ಸಪ್ಪಳವೂ ಕೇಳುವಷ್ಟು ಮನೆ ಸುಮ್ಮನಿರುತ್ತಿತ್ತು. ಮಾತಾಡುವವರಿಲ್ಲದೆ ದನಿ ಕಟ್ಟಿಕೊಂಡು, ಒಂದು ದಿನ ಹಾಲಿನವನಿಗೆ ನಾಳೆ ಬೇಡ ಎನ್ನಲು ಎರಡು ಸಲ ಕೆಮ್ಮಬೇಕಾಯಿತು.

ಶಿವರಾತ್ರಿ ಹತ್ತಿರ ಬಂದಿತ್ತು. ಬಿಸಿಲು ಆಗಲೇ ಪಡಸಾಲೆಯ ನಡುವಿಗೆ ಬರುತ್ತಿತ್ತು. ಕಮಲಾಕ್ಷಿ ಬತ್ತಿಯ ತುದಿ ಚೂಪು ಮಾಡುತ್ತ ಕತ್ತೆತ್ತಿದಳು. ಸುಮತಿಯ ಹೆಸರಿನ ಪಕ್ಕ ಹಸಿರು.

ಅವಳ ಕೈ ನಿಂತಿತು. ಮತ್ತೆ ಆ ಟಿಕ್ಕು ಹಾಕಿದಳೇ ಲಹರಿ? ಮಡಿಯಲ್ಲಿದ್ದವಳು ಏಳುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ನೋಡುತ್ತ ಕೂತಳು. ಬೆರಳಿನ ಹಾಲು ಒಣಗಿ ಬಿಗಿಯಿತು. ಚುಕ್ಕೆ ಹಾಗೇ ಇತ್ತು. ಒಂದು ಬತ್ತಿ, ಇನ್ನೊಂದು ಬತ್ತಿ ಹೊಸೆಯುವಷ್ಟು ಹೊತ್ತು ಇತ್ತು.

ಆಮೇಲೆ ಆರಿತು. ಹಳದಿಯಾಗಲಿಲ್ಲ, ಹಸಿರಿನಿಂದ ನೇರ ಬೂದಿಗೆ ಹೋಯಿತು. ಮತ್ತೆ ಹಸಿರಾಯಿತು. ಮತ್ತೆ ಆರಿತು. ಯಂತ್ರ ಹೀಗೆ ಮಾಡುವುದಿಲ್ಲ. ಎಲ್ಲಿ ಒತ್ತಬೇಕೆಂದು ಸರಿಯಾಗಿ ನೆನಪಾಗದೆ ಒತ್ತಿ ಒತ್ತಿ ನೋಡುವ ಕೈ ಹೀಗೆ ಮಾಡುತ್ತದೆ. ತಾನು ಕಲಿಯುವಾಗ ಹೀಗೆಯೇ ಮಾಡಿದ್ದಳು.

ಚುಕ್ಕೆ ಆಮೇಲೆ ಹಚ್ಚಿಕೊಳ್ಳಲಿಲ್ಲ. ಕಮಲಾಕ್ಷಿ ಬೆರಳಿಗೆ ಮತ್ತೆ ಹಾಲಿನ ಪಸೆ ಮಾಡಿಕೊಂಡು, ಎದುರಿನ ಮಣೆಯವಳಿಗೆ ಜಾಗವಾಗಲೆಂಬಂತೆ ಹತ್ತಿಯ ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿ, ಸುಮತಿಯ ಪಾಲಿನ ಇನ್ನೊಂದು ಬತ್ತಿಗೆ ಎಳೆ ತೆಗೆದಳು.