ಕೂತಲ್ಲೇ ಐವತ್ತು ಲಕ್ಷ ಹೆಜ್ಜೆ

ಬೆಳಗಿನ ಆರು ಗಂಟೆ. ಕಾರ್ಖಾನೆಯ ಹಿಂಬದಿಯ ತಣ್ಣನೆಯ ಕೋಣೆಯಲ್ಲಿ ಆರು ಲೋಹದ ಮಂಡಿಗಳು ಸಾಲಾಗಿ ನಡೆಯುತ್ತಿವೆ. ಮೇಲೆ ತೊಡೆಯಿಲ್ಲ, ಕೆಳಗೆ ಪಾದವಿಲ್ಲ. ಯಂತ್ರದ ಹಿಡಿತದಲ್ಲಿ ಮಡಚುತ್ತ, ನೆಟ್ಟಗಾಗುತ್ತ ಸೆಕೆಂಡಿಗೊಂದು ಹೆಜ್ಜೆ. ಬಿಳಿ ಕೋಟು ತೊಟ್ಟ ಹೆಂಗಸೊಬ್ಬರು ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತಿದ್ದಾರೆ.

'ಎರಡನೇದು ಗೊಣಗ್ತಿದೆ. ಮಂಡಿ ಮುಳುಗಿರೋ ದ್ರವ ಕಮ್ಮಿಯಾಗಿರ್ಬೇಕು,' ಎನ್ನುತ್ತಾರೆ. ನೋಡಿದರೆ ನಿಜವೇ.

ಜೊತೆಗಾರರು ಅವರನ್ನು ಕರೆಯುವುದು ಹೆಜ್ಜೆ ಅಕ್ಕ ಎಂದು. ಹೊಸ ವಿನ್ಯಾಸದ ಕೃತಕ ಮಂಡಿಯನ್ನು ರೋಗಿಗೆ ಹಾಕುವ ಮೊದಲು ಐವತ್ತು ಲಕ್ಷ ಹೆಜ್ಜೆ ನಡೆಸಿ ನೋಡುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ. ಐದು ಲಕ್ಷ ಹೆಜ್ಜೆಗೊಮ್ಮೆ ಯಂತ್ರ ನಿಲ್ಲಿಸಿ, ಲೋಹದ ನಡುವೆ ಕೂತ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೆಗೆದು, ತೊಳೆದು, ಒಣಗಿಸಿ ತೂಗುತ್ತಾರೆ. ಸವೆದದ್ದು ಒಂದೆರಡು ಸಾಸಿವೆ ಕಾಳಿನಷ್ಟಾದರೆ ಸರಿ. ಹೆಚ್ಚಾದರೆ ಆ ಪುಡಿಯೇ ಒಳಗೆ ಮೂಳೆಯನ್ನು ತಿನ್ನುತ್ತದೆ.

ಅದು ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ತಾಯಿಗೆ ಹಾಕಿಸಿದ್ದ ಮಂಡಿ ಒಂಬತ್ತೇ ವರ್ಷಕ್ಕೆ ಸವೆದುಹೋಯಿತು. 'ನಿನ್ನ ಮಂಡಿಗಳು ಊಟ ನಿದ್ದೆ ಇಲ್ದೆ ನಡೀತವೆ, ನಂದೊಂದೇ ಮುಷ್ಕರ ಹೂಡಿದೆ ಕಣೇ,' ಎಂದು ತಾಯಿ ನಗುತ್ತಿದ್ದರಂತೆ. ಕಳೆದ ವರ್ಷ ಎರಡನೇ ಆಪರೇಷನ್ ಆಯಿತು.

ಆ ದಿನವೇ ಹೊಸ ಪರೀಕ್ಷೆ ಶುರುವಾಗಬೇಕಿತ್ತು. ಆಸ್ಪತ್ರೆಗೆ ಓಡುವ ಅವಸರದಲ್ಲಿ ಅಕ್ಕ ಆರೂ ಮಂಡಿ ಕೂರಿಸಿ ಗುಂಡಿ ಒತ್ತಿ ಹೋದರು. ತೂಕದಿಂದ ತೂಕಕ್ಕೆ ವ್ಯತ್ಯಾಸ ಹೆಚ್ಚುತ್ತ, ಮೂವತ್ತು ಲಕ್ಷ ಹೆಜ್ಜೆ ಮುಗಿದಾಗ ನಾಲ್ಕನೆಯದು ಉಳಿದವುಗಳ ಮೂರು ಪಟ್ಟು ಸವೆದಿತ್ತು.

'ಆ ಬಿಲ್ಲೆನೇ ಸರಿಯಿಲ್ಲ ಅಂತ ಕಾಣುತ್ತೆ. ಅದನ್ನ ಬಿಟ್ಟು ಐದರ ಲೆಕ್ಕ ಬರೀರಿ,' ಎಂದರು ವಿನ್ಯಾಸಕಾರರು.

ಅಕ್ಕನಿಗೆ ಸಮಾಧಾನವಾಗಲಿಲ್ಲ. ಯಂತ್ರದ ಹಿಡಿತದಿಂದ ಮಂಡಿಯನ್ನು ಬಿಚ್ಚುವ ಮೊದಲು ಅದು ಕೂತ ಕೋನ ಅಳೆದರು. ಮಂಡಿ ಮೂರು ಡಿಗ್ರಿ ವಾಲಿತ್ತು. ಕೂರಿಸಿದ್ದು ಅವರದೇ ಕೈ. ಬಿಚ್ಚಿಬಿಟ್ಟರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ.

'ಬೈತಾರೆ ಅಂತ ಗೊತ್ತಿತ್ತು. ಆದ್ರೂ ಹೋಗಿ ಹೇಳ್ದೆ, ತಪ್ಪು ನಂದು ಸಾರ್ ಅಂತ.'

ಬೈಗುಳ ಬಿತ್ತು. ಎರಡು ತಿಂಗಳ ಕೆಲಸ ನೀರುಪಾಲು ಎಂದು ಒಂದು ವಾರ ಅವರನ್ನು ಯಂತ್ರದ ಹತ್ತಿರ ಬಿಡಲಿಲ್ಲ. ಈ ವಿನ್ಯಾಸದ ಮುಂದಿನ ಸಭೆಗೆ ಬಂದಿದ್ದ ಶಸ್ತ್ರವೈದ್ಯೆ ಮಾತ್ರ ಅಕ್ಕ ಬರೆದುಕೊಟ್ಟ ವರದಿಯನ್ನು ಎರಡು ಸಲ ಓದಿದರು. 'ಆಪರೇಷನ್ ಟೇಬಲ್ ಮೇಲೆ ನನ್ನ ಕೈಯಲ್ಲೂ ಮೂರು ಡಿಗ್ರಿ ಆಚೀಚೆ ಆಗುತ್ತೆ. ಅಷ್ಟಕ್ಕೇ ಇದು ಹೀಗೆ ಸವೆಯೋದಾದ್ರೆ ಯಾವ ಧೈರ್ಯದ ಮೇಲೆ ರೋಗಿಗೆ ಹಾಕ್ಲಿ?'

ವಿನ್ಯಾಸಕಾರರು ಬಿಲ್ಲೆಯ ಅಂಚನ್ನು ದುಂಡಗೆ ತಿದ್ದಿದರು. ಈ ಸಲ ಆರೂ ಮಂಡಿಗಳನ್ನು ಬೇಕೆಂದೇ ವಾಲಿಸಿ ಕೂರಿಸಬೇಕಿತ್ತು. ಅದಕ್ಕೆ ಅವರೇ ಬಂದು ಅಕ್ಕನನ್ನು ಕರೆದರು. ಐವತ್ತು ಲಕ್ಷ ಹೆಜ್ಜೆಯಾದರೂ ಸವೆತ ಮಿತಿ ಮೀರಲಿಲ್ಲ.

ಮಂಡಿಯ ಡಬ್ಬದ ಮೇಲೆ ಅಕ್ಕನ ಹೆಸರಿಲ್ಲ. ಬೇಜಾರಿಲ್ಲವೇ ಎಂದರೆ ತೂಕದ ಚೀಟಿಯಿಂದ ತಲೆಯೆತ್ತಿ ನಗುತ್ತಾರೆ.

'ನನ್ನ ಹೆಸರು ಬಿಡಿ. ಹಾಕಿಸ್ಕೊಂಡೋರಿಗೆ ಮಂಡಿ ಅಂತ ಒಂದಿದೆ ಅನ್ನೋದೇ ಮರೆತುಹೋಗ್ಬೇಕು. ಅಷ್ಟಾದ್ರೆ ಸಾಕು.'